ಸುದ್ದಿ ಹಿಡಿದು ಭೂಗೋಳ ಕಲಿಸಬಹುದಾ? ಜಗಳೂರು ತಾಲ್ಲೂಕಿನ ಶಿಕ್ಷಕಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಭೂಗೋಳದ ಪಾಠ ಅಂದರೆ ಮಕ್ಕಳಿಗೆ ಆಕಳಿಕೆ. ಆದರೆ ಮೊಬೈಲಿನಲ್ಲಿ ಯುದ್ಧ, ಭೂಕಂಪ, ಅಮೆರಿಕದ ಸುಂಕ ಎಲ್ಲಾ ನೋಡಿಕೊಂಡು ಬಂದು ನನ್ನನ್ನು ಕೇಳುತ್ತಾರೆ. ಈ ಸುದ್ದಿಗಳನ್ನೇ ಹಿಡಿದು ಭೂಗೋಳ ಕಲಿಸಬಹುದಾ? ಸಿಲಬಸ್ ಹಿಂದೆ ಬೀಳುವುದಿಲ್ಲವಾ? ಯುದ್ಧದ ವಿಷಯ ಮಕ್ಕಳ ಮುಂದೆ ಎಷ್ಟು ಮಾತಾಡಬಹುದು? ನಮ್ಮಲ್ಲಿ ಸ್ಮಾರ್ಟ್ ಬೋರ್ಡ್ ಇಲ್ಲ. ಒಂದು ಗ್ಲೋಬ್, ಹಳೆಯ ಭೂಪಟಗಳು, ಅಷ್ಟೇ.

ಉತ್ತರ: ಖಂಡಿತ ಕಲಿಸಬಹುದು ಮೇಡಂ. ನಿಮ್ಮ ಮಕ್ಕಳು ಪ್ರಶ್ನೆ ಹೊತ್ತುಕೊಂಡೇ ತರಗತಿಗೆ ಬರುತ್ತಿದ್ದಾರೆ. ಅರ್ಧ ಕೆಲಸ ಅಲ್ಲೇ ಆಗಿದೆ.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಸುದ್ದಿಯಿಂದ ಭೂಗೋಳ ಕಲಿಸಲು ಹೊರಟ ಎಷ್ಟೋ ತರಗತಿಗಳು ಕೊನೆಗೆ ಬರೀ ಸುದ್ದಿಯ ತರಗತಿಗಳಾಗಿ ಮುಗಿಯುತ್ತವೆ. ಯಾರು ಬಾಂಬ್ ಹಾಕಿದರು, ಯಾವ ನಾಯಕ ಏನು ಹೇಳಿದ, ಯಾರದು ಸರಿ, ಯಾರದು ತಪ್ಪು. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಸುತ್ತಿಟ್ಟ ಭೂಪಟ ಬಿಚ್ಚುವುದೇ ಇಲ್ಲ. ಹೀಗಾಗಬಾರದು ಅಂದರೆ ಯಾವ ಸುದ್ದಿ ಬಂದರೂ ಒಂದೇ ಪ್ರಶ್ನೆ ಹಿಡಿದುಕೊಳ್ಳಿ: "ಇದು ಅಲ್ಲೇ ಯಾಕೆ ಆಯಿತು?" ಅದರ ಉತ್ತರ ಮಣ್ಣು, ನೀರು, ಗಾಳಿ, ಬೆಟ್ಟ, ದಾರಿ ಇವುಗಳಲ್ಲಿ ಸಿಗುವಂತಿದ್ದರೆ ಆ ಸುದ್ದಿ ತರಗತಿಗೆ ಬರಲಿ. ಸಿಗದಿದ್ದರೆ ಎಷ್ಟೇ ದೊಡ್ಡ ಸುದ್ದಿಯಾದರೂ ಬಿಟ್ಟುಬಿಡಿ.

ಇನ್ನೊಂದು. ಸುದ್ದಿಯ ಒಂದು ತುದಿ ನಿಮ್ಮ ಸಂತೆಯಲ್ಲೋ ಹೊಲದಲ್ಲೋ ಸಿಗಬೇಕು. ದಾವಣಗೆರೆ, ಚಿತ್ರದುರ್ಗದ ಶಿಕ್ಷಕರಿಗೆ ಇದು ಕಷ್ಟವೇ ಅಲ್ಲ. ನಮ್ಮ ಮೆಕ್ಕೆಜೋಳ, ಶೇಂಗಾ, ಅಡಿಕೆ ಯಾವುದರ ಬೆಲೆಯೂ ಈಗ ಊರಿನ ಮಾರುಕಟ್ಟೆಯಲ್ಲಿ ಮಾತ್ರ ನಿರ್ಧಾರ ಆಗುವುದಿಲ್ಲ.

ಎಣ್ಣೆಯಿಂದಲೇ ಶುರು ಮಾಡೋಣ. 2022ರ ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನ್ ಮೇಲೆ ದಾಳಿ ಮಾಡಿತು. ಕೆಲವೇ ದಿನಗಳಲ್ಲಿ ನಮ್ಮ ಕಿರಾಣಿ ಅಂಗಡಿಗಳಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿತು. ಯಾಕೆ? ಭಾರತ ಹೊರಗಿನಿಂದ ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಉಕ್ರೇನ್, ರಷ್ಯಾಗಳಿಂದ ಬರುತ್ತಿತ್ತು. ಇದನ್ನು ಹೇಳಿದ ಕೂಡಲೇ ನಮ್ಮ ಕಡೆಯ ಮಕ್ಕಳು ಒಂದು ಪ್ರಶ್ನೆ ಕೇಳೇ ಕೇಳುತ್ತಾರೆ. "ಚಳ್ಳಕೆರೆ ತುಂಬ ಎಣ್ಣೆ ಮಿಲ್ಲುಗಳಿವೆ, ಮತ್ತೆ ಅಲ್ಲಿಂದ ಯಾಕೆ ತರಬೇಕು?" ತುಂಬಾ ಒಳ್ಳೆಯ ಪ್ರಶ್ನೆ. ಅವಸರದಿಂದ ಉತ್ತರ ಕೊಡಬೇಡಿ. ಚಳ್ಳಕೆರೆಯ ಮಿಲ್ಲುಗಳು ಶೇಂಗಾ ನಂಬಿ ಬೆಳೆದವು. ಶೇಂಗಾ ಮಳೆಯನ್ನು ನಂಬಿಕೊಂಡ ಬೆಳೆ. ಮಳೆ ಕೈಕೊಟ್ಟ ವರ್ಷ ಕಾಯಿ ಕಟ್ಟುವುದಿಲ್ಲ. ಇಡೀ ದೇಶದ ಲೆಕ್ಕ ಹಿಡಿದರೆ ನಾವು ತಿನ್ನುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನದು. ಇಷ್ಟು ಗೊತ್ತಾದ ಮೇಲೆ ಮಕ್ಕಳನ್ನು ಉಕ್ರೇನಿಗೆ ಕರೆದುಕೊಂಡು ಹೋಗಿ.

ಹೋಗುವುದು ಮಣ್ಣಿನ ಮೂಲಕ. ಹಿಂದಿನ ದಿನವೇ ಹೇಳಿ ಕಳಿಸಿ: ಎರೆ ಹೊಲ ಇರುವವರು ಒಂದು ಹಿಡಿ ಎರೆಮಣ್ಣು, ಮಸಾರೆ ಹೊಲದವರು ಒಂದು ಹಿಡಿ ಕೆಂಪು ಮಣ್ಣು ತರಲಿ. ಸ್ವಲ್ಪ ನೀರು ಹಾಕಿ ಎರಡು ಬೆರಳಲ್ಲಿ ಹೊಸೆಯಲು ಹೇಳಿ. ಎರೆಮಣ್ಣು ಉದ್ದಕ್ಕೆ ಎಳೆಯಾಗಿ ಬರುತ್ತದೆ, ಕೈಗೆ ಅಂಟುತ್ತದೆ, ತೊಳೆದರೂ ಬೇಗ ಹೋಗುವುದಿಲ್ಲ. ಮಸಾರೆ ಮಣ್ಣು ಅರ್ಧಕ್ಕೇ ಮುರಿಯುತ್ತದೆ. ಎರೆಯಲ್ಲಿ ಜೇಡಿ ಜಾಸ್ತಿ. ಅದಕ್ಕೇ ನೀರು ಹಿಡಿದಿಟ್ಟುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಉಕ್ರೇನಿನಲ್ಲೂ ಕಪ್ಪು ಮಣ್ಣೇ ಇದೆ. ಅದರ ಹೆಸರು ಚೆರ್ನೋಜೆಮ್. ಆದರೆ ಅದು ಕಪ್ಪಾದ ದಾರಿ ಬೇರೆ. ಅಲ್ಲಿ ಸಾವಿರಾರು ವರ್ಷ ಸ್ಟೆಪಿ ಹುಲ್ಲುಗಾವಲಿನ ಬೇರು, ಹುಲ್ಲು ಕೊಳೆತು ಮಣ್ಣಿಗೆ ಸೇರಿದೆ. ಚಳಿ ಇರುವುದರಿಂದ ಆ ಸಾವಯವ ಅಂಶ ಬೇಗ ಕರಗಿಹೋಗಿಲ್ಲ. ನಮ್ಮ ಬಿಸಿಲಿಗೆ ಹೊಲದ ಗೊಬ್ಬರ ಎಷ್ಟು ಬೇಗ ಖಾಲಿಯಾಗುತ್ತದೆ ಅಂತ ರೈತರ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಒಂದೇ ಬಣ್ಣದ ಎರಡು ಮಣ್ಣು, ಎರಡು ಬೇರೆ ಕಥೆ. "ಭಾರತದ ಮಣ್ಣುಗಳು" ಅನ್ನುವ ಪಾಠ ಇಲ್ಲಿಂದ ಶುರುವಾದರೆ ಮಕ್ಕಳು ಅದನ್ನು ಬಾಯಿಪಾಠ ಮಾಡುವ ಗೋಜಿಗೆ ಹೋಗುವುದಿಲ್ಲ.

ಆಮೇಲೆ ಎಣ್ಣೆ ಬರುವ ದಾರಿ. ಒಡೆಸ್ಸಾ ಬಂದರಿನ ಮೇಲೆ ಬೆರಳಿಡಿಸಿ. ಕಪ್ಪು ಸಮುದ್ರ, ಇಸ್ತಾಂಬುಲ್ ನಡುವೆ ಹಾದುಹೋಗುವ ಬಾಸ್ಫರಸ್, ನಂತರ ಡಾರ್ಡನೆಲ್ಸ್, ಮೆಡಿಟರೇನಿಯನ್, ಸೂಯೆಜ್ ಕಾಲುವೆ, ಕೆಂಪು ಸಮುದ್ರ, ಬಾಬ್ ಎಲ್ ಮಂದಬ್, ಅರಬ್ಬಿ ಸಮುದ್ರ, ಮಂಗಳೂರು. ಒಂದು ಎಣ್ಣೆ ಪ್ಯಾಕೆಟ್ ಇಷ್ಟು ಇಕ್ಕಟ್ಟು ದಾಟಿ ಬರಬೇಕು. ಜಲಸಂಧಿ ಅಂದರೇನು ಅಂತ ವ್ಯಾಖ್ಯೆ ಬರೆಸುವ ಅಗತ್ಯವೇ ಬೀಳುವುದಿಲ್ಲ.

ಇದೇ ದಾರಿಯಲ್ಲಿ ಇನ್ನೆರಡು ಸುದ್ದಿ ಕೂತಿವೆ. 2021ರ ಮಾರ್ಚ್ 23ರಂದು ಎವರ್ ಗಿವನ್ ಅನ್ನುವ 400 ಮೀಟರ್ ಉದ್ದದ ಹಡಗು ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡಿತು. ಬಿಡಿಸಿದ್ದು 29ಕ್ಕೆ. ಹೆದ್ದಾರಿ 48ರಲ್ಲಿ ಹಿರಿಯೂರಿನ ಹತ್ತಿರ ಒಂದು ಟ್ರಕ್ ಅಡ್ಡ ಬಿದ್ದರೆ ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಏನಾಗುತ್ತದೆ ಅಂತ ಕೇಳಿ, ಮಕ್ಕಳೇ ಉಳಿದದ್ದು ಹೇಳುತ್ತಾರೆ. 2023ರ ನವೆಂಬರ್‌ನಿಂದ ಯೆಮೆನ್‌ನ ಹೂತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರು ಮಾಡಿದರು. ಆಗ ದೊಡ್ಡ ಹಡಗು ಕಂಪನಿಗಳು ಆಫ್ರಿಕಾದ ತುದಿಯ ಗುಡ್ ಹೋಪ್ ಭೂಶಿರ ಸುತ್ತಿ ಹೋಗತೊಡಗಿದವು.

ಇದನ್ನು ಹೇಳಬೇಡಿ, ದಾರ ಕೊಟ್ಟು ಅಳೆಸಿ. ನಿಮ್ಮ ಶಾಲೆಯ ಗ್ಲೋಬ್ ಒಂದಡಿ ಅಗಲದ್ದಾದರೆ ಅದರ ಸುತ್ತಳತೆ ಸುಮಾರು 95 ಸೆಂಟಿಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅಂದರೆ ದಾರದ ಒಂದು ಸೆಂಟಿಮೀಟರ್‌ಗೆ ಸುಮಾರು 420 ಕಿಲೋಮೀಟರ್. ಈ ಲೆಕ್ಕವನ್ನು ಮಕ್ಕಳೇ ಮಾಡಲಿ. ಮುಂಬೈಯಿಂದ ಸೂಯೆಜ್ ಮೂಲಕ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ಗೆ ಒಂದು ದಾರ. ಆಫ್ರಿಕಾ ಸುತ್ತಿಕೊಂಡು ಇನ್ನೊಂದು ದಾರ. ಎರಡನ್ನೂ ಸ್ಕೇಲಿನ ಪಕ್ಕ ಇಟ್ಟಾಗ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಸಾವಿರಾರು ಕಿಲೋಮೀಟರ್, ಹಡಗಿಗೆ ಹತ್ತರಿಂದ ಹದಿನಾಲ್ಕು ದಿನ ಜಾಸ್ತಿ, ಅಷ್ಟು ಇಂಧನ ಜಾಸ್ತಿ, ಬಾಡಿಗೆ ಜಾಸ್ತಿ. ಇದರಲ್ಲಿ ಅಳತೆ ಪ್ರಮಾಣವೂ ಬಂತು, ಗಣಿತದ ಮೇಷ್ಟ್ರಿಗೂ ಖುಷಿ.

ಈಗ ನಾನು ತುಂಬ ಇಷ್ಟಪಡುವ ಜಾಗಕ್ಕೆ ಬಂದೆ. ಕೆಂಪು ಸಮುದ್ರ ಅಲ್ಲೇ ಯಾಕಿದೆ? ಆಫ್ರಿಕಾ ಮತ್ತು ಅರೇಬಿಯಾದ ಭೂಫಲಕಗಳು, ಅಂದರೆ ಭೂಮಿಯ ಹೊರಚಿಪ್ಪಿನ ದೊಡ್ಡ ತುಂಡುಗಳು, ಅಲ್ಲಿ ಒಂದರಿಂದ ಒಂದು ದೂರ ಸರಿಯುತ್ತಿವೆ. ಆ ಬಿರುಕಿನಲ್ಲಿ ತುಂಬಿದ ನೀರೇ ಕೆಂಪು ಸಮುದ್ರ. ಅದರ ದಕ್ಷಿಣಕ್ಕೆ ಇಥಿಯೋಪಿಯಾದ ಅಫಾರ್ ಪ್ರದೇಶ. ಅಲ್ಲಿ ಮೂರು ಫಲಕಗಳು ಬೇರೆಯಾಗುತ್ತಿವೆ. 2025ರ ನವೆಂಬರ್ 23ರಂದು ಅಲ್ಲಿಯ ಹಾಯ್ಲಿ ಗುಬ್ಬಿ ಜ್ವಾಲಾಮುಖಿ ಸಿಡಿಯಿತು. ಬೂದಿಯ ಮೋಡ ಯೆಮೆನ್, ಓಮಾನ್ ದಾಟಿ ಭಾರತದ ಆಕಾಶಕ್ಕೂ ಬಂತು, ವಿಮಾನಗಳು ರದ್ದಾದವು. ಬೂದಿ ಪೂರ್ವಕ್ಕೇ ಯಾಕೆ ಬಂತು ಅಂತ ಕೇಳಿದರೆ ಎತ್ತರದ ಪಶ್ಚಿಮದ ಗಾಳಿಗಳ ಪಾಠ ತೆರೆದುಕೊಳ್ಳುತ್ತದೆ. ಹಡಗಿನ ಸುದ್ದಿ, ಜ್ವಾಲಾಮುಖಿಯ ಸುದ್ದಿ ಪತ್ರಿಕೆಯಲ್ಲಿ ಬೇರೆ ಬೇರೆ ಪುಟದಲ್ಲಿ ಬರುತ್ತವೆ. ಭೂಪಟದಲ್ಲಿ ಎರಡೂ ಒಂದೇ ಬಿರುಕಿನ ಮೇಲಿವೆ. ಇದನ್ನು ಮಕ್ಕಳು ತಾವೇ ಕಂಡುಹಿಡಿದಾಗ ಅವರ ಮುಖ ನೋಡಬೇಕು.

ಅಲ್ಲಿಗೇ ನಿಲ್ಲಿಸಬೇಡಿ. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬು ಲಾವಾ ಬಂಡೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಲಾವಾ ನೀರಿನೊಳಗೆ ಉಕ್ಕಿದರೆ ಹೊರಮೈ ತಕ್ಷಣ ತಣ್ಣಗಾಗಿ ಗಟ್ಟಿಯಾಗುತ್ತದೆ, ಒಳಗಿನದು ಉಬ್ಬಿಕೊಂಡು ಬರುತ್ತದೆ. ಹಾಗೆ ಒಂದರ ಮೇಲೊಂದು ಉರುಟು ಬಂಡೆಗಳ ರಾಶಿ ಬೀಳುತ್ತದೆ. ಅಂದರೆ ಸುಮಾರು 250 ಕೋಟಿ ವರ್ಷಗಳ ಹಿಂದೆ, ಈಗ ನೀರಿಗೆ ಪರದಾಡುವ ಈ ನೆಲ ನೀರಿನ ಅಡಿಯಲ್ಲಿತ್ತು, ಅಲ್ಲಿ ಲಾವಾ ಹರಿಯುತ್ತಿತ್ತು. ಕೋಟೆ ನೋಡಲು ಪ್ರವಾಸ ಹೋಗುವ ಶಾಲೆಗಳು ದಯವಿಟ್ಟು ಇದನ್ನೂ ನೋಡಿ ಬನ್ನಿ. ಒಂದೇ ಒಂದು ಷರತ್ತು, ಕಲ್ಲು ಒಡೆಯಬಾರದು, ತರಬಾರದು.

ಮಳೆಯ ಸುದ್ದಿ ನಮ್ಮವರಿಗೆ ಇದೆಲ್ಲಕ್ಕಿಂತ ಹತ್ತಿರ. 2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮ ಮಾರಿಕಣಿವೆ, 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಊರಿಗೆ ಊರೇ ನೋಡಲು ಹೋಗಿತ್ತು. ಮರುವರ್ಷವೇ ಬರ. 2023ರ ಆಗಸ್ಟ್ ಇಡೀ ದೇಶಕ್ಕೆ 1901ರಿಂದ ಈಚೆಗಿನ ಅತಿ ಒಣ ಆಗಸ್ಟ್. ಒಂದೇ ವರ್ಷದ ಅಂತರದಲ್ಲಿ ಇಷ್ಟು ವ್ಯತ್ಯಾಸ ಯಾಕೆ? ಇಲ್ಲಿ ಪೆಸಿಫಿಕ್ ಸಾಗರ ತರಗತಿಗೆ ಬರುತ್ತದೆ. ಸಾಮಾನ್ಯವಾಗಿ ವಾಣಿಜ್ಯ ಮಾರುತಗಳು ಬೆಚ್ಚಗಿನ ನೀರನ್ನು ಇಂಡೊನೇಷ್ಯಾದ ಕಡೆಗೆ ತಳ್ಳುತ್ತವೆ. ಆ ಗಾಳಿ ಸೋತಾಗ ಬಿಸಿ ನೀರು ಪೆರು ದೇಶದ ಕಡೆ ಹರಡುತ್ತದೆ, ಮೋಡವೂ ಅತ್ತ ಸರಿಯುತ್ತದೆ. ಅದು ಎಲ್ ನಿನೊ. ಅಂಥ ವರ್ಷ ನಮ್ಮ ಮುಂಗಾರು ಸೊರಗುವ ಸಾಧ್ಯತೆ ಹೆಚ್ಚು. ಗಾಳಿ ಬಲವಾದ ವರ್ಷ ಲಾ ನಿನಾ. 2022 ಲಾ ನಿನಾ ವರ್ಷ, 2023 ಎಲ್ ನಿನೊ ವರ್ಷ.

ಆದರೆ ಇಲ್ಲಿ ಎಚ್ಚರ ಬೇಕು. "ಎಲ್ ನಿನೊ ಬಂದರೆ ಬರ" ಅಂತ ಮಕ್ಕಳು ನೋಟ್ಸಿನಲ್ಲಿ ಬರೆದುಕೊಳ್ಳಬಾರದು. 1997ರಲ್ಲಿ ಭಾರೀ ಎಲ್ ನಿನೊ ಇತ್ತು, ಭಾರತದ ಮುಂಗಾರು ಮಾತ್ರ ಚೆನ್ನಾಗೇ ಆಯಿತು. ಮಾರಿಕಣಿವೆ ತುಂಬಿದ್ದರಲ್ಲೂ ಮಳೆಯ ಜೊತೆ ಭದ್ರಾ ಮೇಲ್ದಂಡೆ ಯೋಜನೆಯಿಂದ ಬಂದ ನೀರಿನ ಪಾಲಿತ್ತು. ಇನ್ನು ಯಾವ ವರ್ಷವಾದರೂ ಪಶ್ಚಿಮ ಘಟ್ಟ ನಮಗೆ ಅಡ್ಡ ನಿಂತೇ ಇರುತ್ತದೆ. ಆಗುಂಬೆಯಲ್ಲಿ 7,000 ಮಿಲಿಮೀಟರ್ ದಾಟುವ ಮಳೆ ಚಳ್ಳಕೆರೆಗೆ ಬರುವಷ್ಟರಲ್ಲಿ ಎಷ್ಟಾಗುತ್ತದೆ ಅಂತ ಮಕ್ಕಳಿಂದಲೇ ಹುಡುಕಿಸಿ. ಗ್ರಾಮ ಪಂಚಾಯಿತಿಗಳಲ್ಲಿ ಮಳೆಮಾಪಕಗಳಿವೆ, ಪತ್ರಿಕೆಯಲ್ಲಿ ತಾಲ್ಲೂಕುವಾರು ಮಳೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತರಗತಿಯ ಗೋಡೆಯ ಮೇಲೆ ಅದನ್ನು ಬರೆದು ಹಚ್ಚುತ್ತಾ ಹೋದರೆ, ಸುದ್ದಿಯಲ್ಲಿ "ವಾಡಿಕೆಗಿಂತ ಕಡಿಮೆ" ಅಂದಾಗ ಆ ವಾಡಿಕೆ, ಅಂದರೆ ಹಲವು ವರ್ಷಗಳ ಸರಾಸರಿ, ಎಲ್ಲಿಂದ ಬಂತು ಅನ್ನುವುದು ಅವರಿಗೆ ತಿಳಿಯುತ್ತದೆ. ಒಂದು ಸುದ್ದಿಗೆ ಒಂದೇ ಕಾರಣ ಹುಡುಕುವ ಅಭ್ಯಾಸವೂ ಬಿಡುತ್ತದೆ.

ಚನ್ನಗಿರಿ, ಭೀಮಸಮುದ್ರದ ಕಡೆಯ ಶಾಲೆಗಳಿಗೆ ನನ್ನ ಸಲಹೆ ಅಡಿಕೆ. 2022ರಲ್ಲಿ ಕೇಂದ್ರ ಸರ್ಕಾರ ಭೂತಾನ್‌ನಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ತರಲು ಅನುಮತಿ ಕೊಟ್ಟಾಗ ನಮ್ಮ ಬೆಳೆಗಾರರು ಗಾಬರಿಯಾಗಿದ್ದರು. ಆಮದು ಸರಿಯೋ ತಪ್ಪೋ ಅನ್ನುವ ಚರ್ಚೆ ಮನೆಯಲ್ಲೇ ಬೇಕಾದಷ್ಟು ಆಗುತ್ತದೆ. ತರಗತಿಯಲ್ಲಿ ಬೇರೆ ಪ್ರಶ್ನೆ ಇಡಿ: ಭೂತಾನ್ ಅಂದರೆ ಹಿಮ, ಬೆಟ್ಟ. ಅಲ್ಲಿ ಅಡಿಕೆ ಹೇಗೆ ಬೆಳೆಯುತ್ತದೆ? ಭೂತಾನ್ ಉತ್ತರಕ್ಕೆ 7,000 ಮೀಟರ್ ಮೀರಿದ ಶಿಖರ, ದಕ್ಷಿಣಕ್ಕೆ ಅಸ್ಸಾಂ ಗಡಿಯಲ್ಲಿ ತಗ್ಗು, ಬಿಸಿ, ಧೋ ಅನ್ನುವ ಮಳೆ. ಚಿಕ್ಕ ದೇಶದಲ್ಲೇ ಇಷ್ಟು ಏರುಪೇರು. ಎತ್ತರ ಹೆಚ್ಚಾದಂತೆ ಉಷ್ಣತೆ ಇಳಿಯುತ್ತದೆ ಅನ್ನುವ ವಾಯುಗೋಳದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಅಡಿಕೆ ಸೀಮೆಯ ಮಕ್ಕಳಿಗೆ ಇನ್ನೆಲ್ಲಿ ಸಿಗಬೇಕು?

ನಿಮ್ಮ ಜಗಳೂರಿನ ಕಡೆ ಮೆಕ್ಕೆಜೋಳ ಇದ್ದೇ ಇದೆ. ಅಮೆರಿಕದ ಸುಂಕದ ಸುದ್ದಿ ಬಂದಾಗ ಅಲ್ಲಿ ಮೆಕ್ಕೆಜೋಳಕ್ಕೆ ಹೆಸರಾದ ಅಯೋವಾ ರಾಜ್ಯವನ್ನು ತೋರಿಸಿ. ಅಲ್ಲಿ ಮೆಕ್ಕೆಜೋಳ ಯಾವಾಗ ಬಿತ್ತುತ್ತಾರೆ, ಯಾಕೆ ಬೇಸಿಗೆಯಲ್ಲಿ ಮಾತ್ರ, ಹೊಲದ ಗಾತ್ರ ಎಷ್ಟು ಅಂತ ಹೋಲಿಸಲು ಹೇಳಿ. ಹೆಚ್ಚೇನೂ ಬೇಡ.

ಗ್ರೀನ್‌ಲ್ಯಾಂಡ್ ಸುದ್ದಿ ಬಂದಾಗಲೆಲ್ಲ ಭೂಪಟದ ಮೋಸ ತೋರಿಸುವ ಅವಕಾಶ ಬಿಡಬೇಡಿ. ಗೋಡೆಯ ಮೇಲಿರುವುದು ಧ್ರುವಗಳ ಕಡೆಯ ನೆಲವನ್ನು ಹಿಗ್ಗಿಸಿ ತೋರಿಸುವ ಮರ್ಕೇಟರ್ ನಕ್ಷೆಯಾದರೆ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಅದು ಭಾರತಕ್ಕಿಂತ ಚಿಕ್ಕದು. ಆಫ್ರಿಕಾ ಅದರ 14 ಪಟ್ಟು. ಮೊದಲು ಭೂಪಟ ನೋಡಿಸಿ, ಆಮೇಲೆ ಗ್ಲೋಬ್ ತಿರುಗಿಸಿ. ಆ ಗ್ಲೋಬ್ ಕೈಯಲ್ಲಿದ್ದಾಗಲೇ ನಮ್ಮ ಊರಿನ ಅಕ್ಷಾಂಶ, ಉತ್ತರ 14 ಡಿಗ್ರಿ ಚಿಲ್ಲರೆ, ಹಿಡಿದು ಒಂದು ಸುತ್ತು ಬೆರಳು ಓಡಿಸಲಿ. ಸೆನೆಗಲ್, ಸುಡಾನ್, ಯೆಮೆನ್, ಥೈಲ್ಯಾಂಡ್, ಫಿಲಿಪ್ಪೀನ್ಸ್, ಗ್ವಾಟೆಮಾಲಾ. ಎಲ್ಲರಿಗೂ ಸೂರ್ಯ ನಮ್ಮಷ್ಟೇ ನೆತ್ತಿಯ ಮೇಲೆ ಬರುತ್ತಾನೆ. ಆದರೂ ಮನಿಲಾದಲ್ಲಿ ಚಂಡಮಾರುತ, ಸುಡಾನಿನಲ್ಲಿ ಬರ. ಇದು ಸುಲಭವಾಗಿ ಎರಡು ಪೀರಿಯಡ್ ತಿನ್ನುವ ಪ್ರಶ್ನೆ.

ಈಗ ಸಿಲಬಸ್ ಚಿಂತೆ. ಸುದ್ದಿಯನ್ನು ಪಾಠದ ಜೊತೆ ಹೆಚ್ಚುವರಿಯಾಗಿ ಸೇರಿಸಿದರೆ ಹಿಂದೆ ಬೀಳುತ್ತೀರಿ, ಅನುಮಾನವೇ ಇಲ್ಲ. ಪಾಠದ ಪೀಠಿಕೆಯ ಜಾಗದಲ್ಲಿ ಸುದ್ದಿ ಇಡಿ. ಎಂಟನೇ ತರಗತಿಯ ಶಿಲಾಗೋಳಕ್ಕೆ ಅಫಾರ್ ಅಥವಾ 2025ರ ಮಾರ್ಚ್ 28ರ ಮ್ಯಾನ್ಮಾರ್ ಭೂಕಂಪ, ವಾಯುಗೋಳಕ್ಕೆ ಭೂತಾನ್ ಅಡಿಕೆ, ಹತ್ತನೇ ತರಗತಿಯ ಭಾರತದ ವಾಯುಗುಣಕ್ಕೆ ಮಾರಿಕಣಿವೆ. ಹದಿನೈದು ನಿಮಿಷ ಸಾಕು. ದಾರ, ಮಣ್ಣಿನಂಥ ಚಟುವಟಿಕೆ ಇದ್ದರೆ ಹದಿನೈದು ದಿನಕ್ಕೊಂದು ಪೂರ್ತಿ ಪೀರಿಯಡ್. ಹತ್ತನೇ ತರಗತಿಗೆ ಜನವರಿ ನಂತರ ಇದು ಬೇಡ. ಆಗ ಭಾರತದ ನಕ್ಷೆಯಲ್ಲಿ ಜಾಗ ಗುರುತಿಸುವ ಅಭ್ಯಾಸವೇ ಮುಖ್ಯ. ಸುದ್ದಿ ಇವತ್ತಿನದೇ ಆಗಬೇಕು ಅನ್ನುವ ಹಟವನ್ನೂ ಬಿಡಿ. ಒಂದೆರಡು ತಿಂಗಳು ಹಳೆಯದಾದರೆ ಸುಳ್ಳು ಪೊಳ್ಳು ಜರಡಿಯಾಗಿ ಹೋಗಿರುತ್ತದೆ. ಪತ್ರಿಕೆಯ ತುಣುಕುಗಳನ್ನು ದಿನಾಂಕದ ಬದಲು ಪಾಠದ ಹೆಸರಿನಲ್ಲಿ ಫೈಲ್ ಮಾಡಿಡಿ. ಎವರ್ ಗಿವನ್ ಸುದ್ದಿ ಇನ್ನೂ ಹತ್ತು ವರ್ಷ ಬಳಕೆಗೆ ಬರುತ್ತದೆ.

ಯುದ್ಧದ ವಿಷಯ ಕೇಳಿದ್ದೀರಿ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ತೀರಿಕೊಂಡ ವೈದ್ಯಕೀಯ ವಿದ್ಯಾರ್ಥಿ ನಮ್ಮ ಪಕ್ಕದ ಹಾವೇರಿ ಜಿಲ್ಲೆಯವನು. ಅವನ ಮನೆಯವರು ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಹಾಗಾಗಿ ಯುದ್ಧ ದೂರದ್ದು, ನಮಗೆ ಸಂಬಂಧ ಇಲ್ಲ ಅಂತ ನಮ್ಮ ಮಕ್ಕಳಿಗೆ ಹೇಳಲು ಆಗುವುದಿಲ್ಲ. ಮಾತಾಡಿ. ಆದರೆ ವಿಡಿಯೊ ತೋರಿಸಬೇಡಿ, ಸತ್ತವರ ಫೋಟೊ ತೋರಿಸಬೇಡಿ, ಹತ್ತನೇ ತರಗತಿಗೂ ಬೇಡ. ಗಲ್ಫ್‌ನ ಬಾಗಿಲಿನಂತಿರುವ ಹಾರ್ಮುಜ್ ಜಲಸಂಧಿಯ ಪಾಠ ಮಾಡುವ ಮುಂಚೆ ಯಾವ ಮಗುವಿನ ಅಪ್ಪ, ಅಣ್ಣ ಗಲ್ಫ್‌ನಲ್ಲಿ ದುಡಿಯುತ್ತಿದ್ದಾರೆ ಅಂತ ತಿಳಿದುಕೊಳ್ಳಿ. ಆ ಮಗುವಿಗೆ ಅದು ಪಾಠ ಅಲ್ಲ, ರಾತ್ರಿಯ ಫೋನ್ ಕಾಲ್. ಅಂಥ ವಾರದಲ್ಲಿ ಪಾಠವನ್ನೇ ಮುಂದಕ್ಕೆ ಹಾಕಿ, ಏನೂ ಕಳೆದುಹೋಗುವುದಿಲ್ಲ.

ತರಗತಿಯಲ್ಲಿ ದೇಶ, ಧರ್ಮದ ಪಕ್ಷ ಕಟ್ಟಿಕೊಂಡು ಜಗಳ ಶುರುವಾದರೆ "ಅಲ್ಲೇ ಯಾಕೆ" ಅನ್ನುವ ಪ್ರಶ್ನೆಗೆ ವಾಪಸ್ ಬನ್ನಿ. ನೀವು ಯಾರ ಪಕ್ಷ ಅಂತ ಮಕ್ಕಳು ಕೇಳುತ್ತಾರೆ. ಬಾಂಬು ಬಿದ್ದ ಊರಿನ ಮಕ್ಕಳ ಪಕ್ಷ ಅಂತ ಹೇಳಿ. ಅದನ್ನು ಯಾವ ಶಿಕ್ಷಕರೂ ಹೆದರದೆ ಹೇಳಬಹುದು.

ಮಕ್ಕಳು ಮೊಬೈಲಿನಲ್ಲಿ ತರುವ ವಿಡಿಯೊಗಳ ಬಗ್ಗೆ ಒಂದು ಉಪಾಯ. ನಿಜವೋ ಸುಳ್ಳೋ ಅಂತ ನೀವು ತೀರ್ಪು ಕೊಡಬೇಡಿ, ಭೂಗೋಳ ಬಳಸಿ ಅವರೇ ಪರೀಕ್ಷೆ ಮಾಡಲಿ. ಬೋರ್ಡಿನ ಮೇಲೆ ಯಾವ ಲಿಪಿ ಇದೆ? ಮರಗಳು ಯಾವ ಜಾತಿಯವು? ವಾಹನ ರಸ್ತೆಯ ಯಾವ ಕಡೆ ಓಡುತ್ತಿದೆ? ಉತ್ತರ ಗೋಳಾರ್ಧದ ಊರು, ಜುಲೈ ತಿಂಗಳ ಸುದ್ದಿ ಅನ್ನುತ್ತಾರೆ, ಬೀದಿಯಲ್ಲಿ ಮಾತ್ರ ಹಿಮ ಬಿದ್ದಿದೆ ಅಂದರೆ ಏನರ್ಥ? ಎಂಟನೇ ತರಗತಿಯವರು ಇದನ್ನು ದೊಡ್ಡವರಿಗಿಂತ ಚುರುಕಾಗಿ ಮಾಡುತ್ತಾರೆ.

ಕೊನೆಗೆ ಭೂಪಟದ ಬಗ್ಗೆ. ವಿದೇಶಿ ಸುದ್ದಿ ಸಂಸ್ಥೆಗಳ ನಕ್ಷೆಗಳನ್ನು ಇಂಟರ್ನೆಟ್ಟಿನಿಂದ ಇಳಿಸಿ ಹಾಗೇ ಗೋಡೆಗೆ ಹಚ್ಚಬೇಡಿ. ಜಮ್ಮು ಕಾಶ್ಮೀರ, ಲಡಾಖ್, ಅರುಣಾಚಲದ ಗಡಿಗಳನ್ನು ಅವುಗಳಲ್ಲಿ ಬೇರೆ ರೀತಿ ತೋರಿಸಿರುತ್ತಾರೆ. ಭಾರತದ ಗಡಿಯನ್ನು ತಪ್ಪಾಗಿ ತೋರಿಸುವ ನಕ್ಷೆ ಪ್ರಕಟಿಸುವುದು ನಮ್ಮಲ್ಲಿ ಕಾನೂನಿನ ಪ್ರಕಾರ ಅಪರಾಧ. ಸರ್ವೇ ಆಫ್ ಇಂಡಿಯಾ ವೆಬ್‌ಸೈಟಿನಲ್ಲಿ ಭಾರತದ ನಕ್ಷೆ ಉಚಿತವಾಗಿ ಸಿಗುತ್ತದೆ. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ. ವೈಟ್‌ಬೋರ್ಡ್ ಪೆನ್ನಿನಲ್ಲಿ ಬರೆದು ಒರೆಸಬಹುದು, ಪ್ರತಿ ಸುದ್ದಿಗೂ ಅದೇ ನಕ್ಷೆ ನಡೆಯುತ್ತದೆ.